ದ್ವೀಪದ ದ್ರಾಕ್ಷಾರಸ, ನಮ್ಮೂರ ಸೇಂದಿ

ಗ್ರೀಸಿನ ಸ್ಯಾಂಟೊರಿನಿಗೆ ಹೋಗಿಬಂದ ಮಿತ್ರರೊಬ್ಬರು ಈಚೆಗೆ ಅಂಬತ್ತೂರಿನ ನಮ್ಮ ಮನೆಯಲ್ಲಿ ಕುಳಿತು ಅಲ್ಲಿನ ದ್ರಾಕ್ಷಾರಸವನ್ನು ಮನಸಾರೆ ಹೊಗಳಿದರು. ಜ್ವಾಲಾಮುಖಿಯ ಬೂದಿಯಲ್ಲಿ ಬೆಳೆಯುವ ಅಸಿರ್ತಿಕೊ ದ್ರಾಕ್ಷಿ, ಗಾಳಿಯ ಹೊಡೆತಕ್ಕೆ ಸಿಕ್ಕದಂತೆ ಬಳ್ಳಿಯನ್ನು ಬುಟ್ಟಿಯಾಕಾರದಲ್ಲಿ ನೆಲಕ್ಕೆ ಸುತ್ತುವ ರೈತರು, ಬಿಸಿಲಲ್ಲಿ ಒಣಗಿಸಿದ ಹಣ್ಣಿನಿಂದ ತಯಾರಾಗುವ ಸಿಹಿಯಾದ ವಿನ್ಸಾಂಟೊ. "ಆ ಮಣ್ಣನ್ನೇ ಕುಡಿದಂತಾಯಿತು" ಎಂದರು. ನಮ್ಮ ಮಣ್ಣಿನ ಸೇಂದಿಯನ್ನು ಎಂದಾದರೂ ಕುಡಿದಿದ್ದೀರಾ ಎಂದು ಕೇಳಿದೆ. "ಛೆ, ಹೆಂಡವೇ!" ಎಂದು ಮುಖ ಸಿಂಡರಿಸಿದರು.

ನನ್ನ ತಕರಾರು ಆ 'ಛೆ'ಯೊಡನೆ. ಅದು ಅವರೊಬ್ಬರದಲ್ಲ; ನಮ್ಮ ಕಾನೂನಿನದೂ ಹೌದು. ತಮಿಳುನಾಡಿನಲ್ಲಿ 1987ರಿಂದ ಕಳ್ಳು ನಿಷಿದ್ಧ. ಆದರೆ 2003ರಿಂದ ಮದ್ಯದ ಚಿಲ್ಲರೆ ಮಾರಾಟವನ್ನು ಸರ್ಕಾರದ್ದೇ ಸಂಸ್ಥೆಯಾದ ಟಾಸ್ಮಾಕ್ ನಡೆಸುತ್ತಿದೆ. ಶೇ. 10ಕ್ಕಿಂತ ಕಡಿಮೆ ಮದ್ಯಾಂಶದ, ಮರದಿಂದ ಇಳಿಸಿದ ರಸ ಅಪರಾಧ. ಕಾಕಂಬಿಯಿಂದ ತೆಗೆದ, ಶೇ. 42.8ರಷ್ಟು ಮದ್ಯಾಂಶದ ಬಾಟಲಿ ಬೊಕ್ಕಸದ ಆದಾಯ! ಕರ್ನಾಟಕವೂ ಹಿಂದೆ ಬಿದ್ದಿಲ್ಲ. 2007ರ ಜುಲೈಯಲ್ಲಿ ಬಡವರ ಸಾರಾಯಿಯನ್ನು ನಿಷೇಧಿಸಿದ ಸರ್ಕಾರವೇ ಅದೇ ವರ್ಷ ದ್ರಾಕ್ಷಾರಸಕ್ಕೆ ಪ್ರೋತ್ಸಾಹದ ನೀತಿಯನ್ನು ತಂದಿತು.

ಸಾರಾಯಿಯ ವಿರುದ್ಧ ಹೆಣ್ಣುಮಕ್ಕಳು ಬೀದಿಗಿಳಿದದ್ದನ್ನು ನಾನು ಮರೆತಿಲ್ಲ. ಕುಡುಕ ಗಂಡನ ಮನೆಯಲ್ಲಿ ಬದುಕಿದವರ ಮುಂದೆ ಮಣ್ಣಿನ ರುಚಿಯ ಮಾತಾಡುವುದು ಕ್ರೌರ್ಯವಾದೀತು. ಸೇಂದಿಗೆ ನಿದ್ರೆಯ ರಾಸಾಯನಿಕಗಳನ್ನು ಬೆರೆಸಿ ಮಾರಿದ್ದೂ ನಿಜ. ಆದರೆ ಆ ಹೆಣ್ಣುಮಕ್ಕಳು ಕೇಳಿದ್ದು ಕುಡಿತ ನಿಲ್ಲಲಿ ಎಂದು. ಸಿಕ್ಕದ್ದು ಬ್ರಾಂಡಿನ ಬದಲಾವಣೆ. ಹಾಲಿಗೆ ಕಲಬೆರಕೆಯಾದರೆ ಹಾಲನ್ನು ಪರೀಕ್ಷಿಸುತ್ತೇವೆ, ಹಸುವನ್ನು ನಿಷೇಧಿಸುವುದಿಲ್ಲ. ಇನ್ನು ನಿಷೇಧ ಪ್ರಾಣ ಉಳಿಸಿತೇ? 2024ರ ಜೂನ್‌ನಲ್ಲಿ ಕಳ್ಳಕುರಿಚಿಯಲ್ಲಿ ಮೆಥನಾಲ್ ಬೆರೆತ ಕಳ್ಳಭಟ್ಟಿ ಕುಡಿದು ಅರವತ್ತಕ್ಕೂ ಹೆಚ್ಚು ಜನ ಸತ್ತರು. ಅಂಗಡಿಯ ಬಾಟಲಿಗೆ ದುಡ್ಡು ಸಾಲದ ಕೂಲಿಯವನಿಗೆ ಕಾನೂನು ಉಳಿಸಿದ ದಾರಿ ಅದೊಂದೇ.

'ಛೆ'ಯ ಬೇರು ಆರೋಗ್ಯದಲ್ಲಿಲ್ಲ, ಜಾತಿಯಲ್ಲಿದೆ. ದ್ರಾಕ್ಷಿತೋಟದ ಒಡೆಯ ಉದ್ಯಮಿ. ಪ್ರಾಣವನ್ನು ಪಣಕ್ಕಿಟ್ಟು ಮರವೇರುವ ಈಡಿಗ, ಬಿಲ್ಲವ, ನಾಡಾರ್ ಮಾತ್ರ ಹೆಂಡದವನು. ಹನ್ನೆರಡನೆಯ ಶತಮಾನದ ಶರಣರು ನಮಗಿಂತ ದೊಡ್ಡ ಮನಸ್ಸಿನವರು. ಹೆಂಡ ಮಾರುತ್ತಿದ್ದ ಮಾರಯ್ಯ ಅವರ ನಡುವೆ ವಚನಕಾರನಾಗಿ ಕುಳಿತ, ಕಸುಬಿನ ಹೆಸರನ್ನು ಬಿಡದೆಯೇ. ತಾವು ಕುಡಿಯದ ಜಿ. ಪಿ. ರಾಜರತ್ನಂ ಕುಡುಕ ರತ್ನನ ಬಾಯಲ್ಲಿ ಕನ್ನಡ ಆಡಿಸಿದರು. ನಮ್ಮ ಸಂಘದ ಕಾರ್ಯಕ್ರಮಗಳಲ್ಲಿ ರತ್ನನಿಗೆ ಚಪ್ಪಾಳೆಯುಂಟು. ಆ ಹೆಂಡವನ್ನು ಇಳಿಸಿದವನಿಗೆ ಬಾಗಿಲೂ ಇಲ್ಲ.

ಬೇರೆ ದಾರಿ ಇದೆ. ಗೋವಾ ತನ್ನ ಗೋಡಂಬಿ ಫೆನಿಗೆ 2009ರಲ್ಲಿಯೇ ಭೌಗೋಳಿಕ ಮಾನ್ಯತೆ ಪಡೆಯಿತು. ಗಡಿ ದಾಟಿ ಕಾಸರಗೋಡಿಗೆ ಹೋದರೆ ಕಳ್ಳಿನಂಗಡಿ ಪರವಾನಗಿಯ ಫಲಕದಡಿ ನಡೆಯುತ್ತದೆ. ಮೂರ್ತೆದಾರರ ಸಹಕಾರ ಸಂಘ, ಕಡ್ಡಾಯ ಪರೀಕ್ಷೆ, ಕಲಬೆರಕೆಗೆ ಕಠಿಣ ಶಿಕ್ಷೆ: ಕೇಳುತ್ತಿರುವುದು ಇಷ್ಟೇ. ಯಾರೂ ಕುಡಿಯಲೇಬೇಕೆಂದಿಲ್ಲ, ಎಲ್ಲ ಮದ್ಯವನ್ನೂ ನಿಲ್ಲಿಸುವ ಧೈರ್ಯ ಸರ್ಕಾರಕ್ಕಿದ್ದರೆ ನನ್ನ ವಾದವನ್ನು ಇಂದೇ ಹಿಂತೆಗೆದುಕೊಳ್ಳುತ್ತೇನೆ. ಆ ಧೈರ್ಯವಿಲ್ಲದಿದ್ದರೆ, ಬಾಟಲಿಗೆ ಬಾಗಿಲು ತೆರೆದು ಮಡಕೆಯನ್ನು ಒಡೆಯುವ ನೀತಿಯನ್ನು ದಯವಿಟ್ಟು ಪಾನನಿರೋಧವೆಂದು ಕರೆಯಬೇಡಿ.