ಕೊಂದದ್ದು ಕಲ್ಲಲ್ಲ

ಸಯನ್ ಕೋಟೆಯ ಗುಡ್ಡ ಹತ್ತಿ ಹಳೆಯ ಕಲ್ಲುಗೋಡೆಗಳ ಪಕ್ಕ ನಡೆಯುವಾಗ ನನಗೆ ಕಿಲ್ಲಾರಿ ನೆನಪಾಗುತ್ತದೆ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ನಮ್ಮ ಬೀದರಿನ ಗಡಿಯಾಚೆಯ ಲಾತೂರು ಸೀಮೆಯಲ್ಲಿ, ಮಲಗಿದ್ದವರ ಮೇಲೆ ಮನೆಗಳೇ ಕುಸಿದವು. ಸಾವಿರಾರು ಜನ ಸತ್ತರು. ಕಲ್ಲುಮನೆಯೆಂದರೆ ಸಾವು ಎಂಬ ಮಾತು ಅಂದಿನಿಂದ ನಿಂತುಬಿಟ್ಟಿತು.

ನಾನು ಇದನ್ನು ಒಪ್ಪುವುದಿಲ್ಲ. ಎಷ್ಟೋ ಕಡೆ ಮರದ ಕಂಬ, ತೊಲೆಗಳು ನಿಂತೇ ಇದ್ದವು. ಉರುಳಿದ್ದು ಕೆಸರುಮಣ್ಣಿನಲ್ಲಿ ಗುಂಡುಕಲ್ಲು ಜೋಡಿಸಿದ ದಪ್ಪ ಗೋಡೆ. ಅದರ ಒಳಮೈ, ಹೊರಮೈಗಳನ್ನು ಹಿಡಿದಿಡುವ ಉದ್ದ ಅಡ್ಡಗಲ್ಲುಗಳಿರಲಿಲ್ಲ; ಮೂಲೆಗಳಲ್ಲಿ ಬೆಸುಗೆಯಿರಲಿಲ್ಲ. ಮಾಳಿಗೆಯ ಮೇಲೆ ಅಡಿಗಟ್ಟಲೆ ಮಣ್ಣಿನ ಭಾರ ಬೇರೆ.

ಆಮೇಲೆ ಐವತ್ತಕ್ಕೂ ಹೆಚ್ಚು ಹಳ್ಳಿಗಳನ್ನು ಬೇರೆಡೆಗೆ ಸಾಗಿಸಿ ಸಾಲುಮನೆ ಕಟ್ಟಲಾಯಿತು. ಉಳಿದ ಎಷ್ಟೋ ಊರುಗಳಲ್ಲಿ ಇದ್ದ ಮನೆಯನ್ನೇ ಗಟ್ಟಿಮಾಡಿದರು: ಮಾಳಿಗೆಯ ಮಣ್ಣು ಇಳಿಸುವುದು, ಗೋಡೆ ಕೊರೆದು ಅಡ್ಡಬೆಸುಗೆ ಕೂರಿಸುವುದು, ಸುತ್ತ ಕಾಂಕ್ರೀಟ್ ಪಟ್ಟಿ ಬಿಗಿಯುವುದು, ಕಂಬ–ತೊಲೆಗೆ ಓರೆ ಆಸರೆ ಕೊಡುವುದು. ಊರಿನ ಗೌಂಡಿಯೂ ಬಡಗಿಯೂ ಕಲಿಯಬಹುದಾದ ಕೆಲಸಗಳಿವು.

ಮುಂಬಯಿಗೂ ಭೂಕಂಪದ ಭಯ ತಪ್ಪಿದ್ದಲ್ಲ. ನಾಳೆ ಇಲ್ಲಿನ ಹಳೆಯ ಚಾಳುಗಳು ಬಿರುಕುಬಿಟ್ಟರೆ ಬುಲ್ಡೋಜರಿಗಿಂತ ಮೊದಲು ಇಂಜಿನಿಯರೂ ಗೌಂಡಿಯೂ ಬಂದು ಗೋಡೆ ಮುಟ್ಟಿ ನೋಡಲಿ. ಉಳಿಸಲಾಗದ್ದನ್ನು ಕೆಡವೋಣ. ಆದರೆ ಆ ಕೈಕಸುಬು ತಿಳಿದವರನ್ನು ಇಂದೇ ತಯಾರು ಮಾಡಬೇಕು. ನೆಲ ನಡುಗಿದ ಮೇಲೆ ಹುಡುಕಿದರೆ ಸಿಗುವುದಿಲ್ಲ.