ಕಾಯ್ದೆ ಹೋಯಿತು, ಕಳಂಕ ಉಳಿಯಿತು

ಪ್ರತಿವರ್ಷ ಆಗಸ್ಟ್ 31 ಬಂದು ಹೋಗುತ್ತದೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳಲ್ಲಿ ಆ ದಿನದ ಮಹತ್ವವನ್ನು ಮಕ್ಕಳಿಗೆ ಹೇಳುವವರನ್ನು ನಾನು ಕಂಡಿಲ್ಲ. ಹುಟ್ಟನ್ನೇ ಅಪರಾಧವೆಂದು ಬಗೆದಿದ್ದ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ದೇಶದಾದ್ಯಂತ ರದ್ದಾದದ್ದು 1952ರ ಆ ದಿನ. ಮುಂಬೈ ಪ್ರಾಂತ್ಯ ಅದನ್ನು 1949ರಲ್ಲೇ ಕೈಬಿಟ್ಟಿತ್ತು.

1871ರಲ್ಲಿ ಉತ್ತರ ಭಾರತಕ್ಕೆಂದು ಬಂದ ಈ ಶಾಸನ 1911ರಲ್ಲಿ ಇಡೀ ಬ್ರಿಟಿಷ್ ಇಂಡಿಯಾವನ್ನು ವ್ಯಾಪಿಸಿತು. ಹೆಸರು ನೋಂದಣಿ, ಬೆರಳಚ್ಚು, ಪೊಲೀಸರೆದುರು ಹಾಜರಿ, ಅನುಮತಿಯಿಲ್ಲದೆ ಊರು ಬಿಡುವಂತಿಲ್ಲ. ಮಕ್ಕಳನ್ನು ತಂದೆತಾಯಿಯರಿಂದ ಬೇರ್ಪಡಿಸುವ ಅಧಿಕಾರವೂ ಸರ್ಕಾರಕ್ಕಿತ್ತು. ಮುಂಬೈ ಪ್ರಾಂತ್ಯದ ಮೊದಮೊದಲ 'ಸೆಟ್ಲಮೆಂಟ್'ಗಳಲ್ಲೊಂದನ್ನು ಸ್ಟಾರ್ಟ್ ಎಂಬ ಐಸಿಎಸ್ ಅಧಿಕಾರಿ ಕಟ್ಟಿದ್ದು ನಮ್ಮ ಬಿಜಾಪುರದಲ್ಲೇ.

ಯಾರು ಈ 'ಅಪರಾಧಿಗಳು'? ಛಪ್ಪರ ಹೊದಿಸುವ ಕಸುಬಿನಿಂದಲೇ ಹೆಸರು ಪಡೆದ ಛಪ್ಪರಬಂದರು. ಬೇಟೆಯಾಡಿ ಬದುಕುತ್ತಿದ್ದ ಹರಣಶಿಕಾರಿಗಳು. ಉಪ್ಪು, ಧಾನ್ಯ ಹೊತ್ತು ಊರೂರು ತಿರುಗುತ್ತಿದ್ದ ಕೊರಚರು. ರೈಲು ಬಂದಿತು, ಉಪ್ಪಿನ ಮೇಲೆ ಕರ ಬಿದ್ದಿತು, ಕಾಡಿಗೆ ಕಾನೂನು ಬಂದಿತು. ಜೀವನೋಪಾಯ ಕಿತ್ತುಕೊಂಡ ಆಳ್ವಿಕೆಯೇ ಅಲೆಮಾರಿಯನ್ನು ಕಳ್ಳನೆಂದು ಕರೆಯಿತು.

1915ರಲ್ಲಿ ಒಟ್ಟೋಮನ್ ಸಾಮ್ರಾಜ್ಯದಲ್ಲಿ ಅರ್ಮೇನಿಯನ್ನರ ಮೇಲೆ ನಡೆದ ಸಾಮೂಹಿಕ ಹತ್ಯೆಯೊಡನೆ ಇದನ್ನು ಸಮೀಕರಿಸಲಾಗದು. ಅಲ್ಲಿ ಲಕ್ಷಾಂತರ ಜೀವಗಳು ಹೋದವು. ಆದರೆ ಒಂದು ಪಾಠ ಎರಡಕ್ಕೂ ಸಲ್ಲುತ್ತದೆ. ಆ ಹತ್ಯಾಕಾಂಡವನ್ನು ಜನಾಂಗಹತ್ಯೆಯೆಂದು ಅಮೆರಿಕದ ಅಧ್ಯಕ್ಷ ಬೈಡನ್ 2021ರಲ್ಲಿ ಹೇಳಿದಾಗ ನೂರಾರು ಮೈಲಿ ದೂರದ ಮೊಮ್ಮಕ್ಕಳೂ ಕಣ್ಣೀರಿಟ್ಟಿದ್ದು ಸಹಜ. ಅನ್ಯಾಯವನ್ನು ಅನ್ಯಾಯವೆಂದು ಒಪ್ಪಿಕೊಳ್ಳದ ಹೊರತು ಗಾಯ ಮಾಯುವುದಿಲ್ಲ. ನಾವಾದರೂ ಒಪ್ಪಿಕೊಂಡಿದ್ದೇವೆಯೇ?

ಕರ್ನಾಟಕದ ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲಿ 'ಗಂಟಿಚೋರ್' ಎಂಬ ಹೆಸರಿದೆ. ಮೀಸಲಾತಿ ಬೇಕಾದರೆ ಮಗು ತನ್ನನ್ನು 'ಚೋರ'ನೆಂದು ಬರೆಸಿದ ಪ್ರಮಾಣಪತ್ರ ಹಿಡಿಯಬೇಕು. ಹಳೆಯ ಕಾಯ್ದೆಯ ಜಾಗಕ್ಕೆ ರಾಜ್ಯಗಳು 'ರೂಢಿಗತ ಅಪರಾಧಿ' ಕಾಯ್ದೆಗಳನ್ನು ತಂದವು, ಕರ್ನಾಟಕದ್ದು 1961ರದು. ಅಂಥವನ್ನು ರದ್ದುಪಡಿಸಬೇಕೆಂದು ವಿಶ್ವಸಂಸ್ಥೆಯ ಸಮಿತಿ 2007ರಲ್ಲೇ ಭಾರತಕ್ಕೆ ಹೇಳಿತು. ಕಾರಾಗೃಹಗಳಲ್ಲಿನ ಜಾತಿ ತಾರತಮ್ಯವನ್ನು ಸಂವಿಧಾನಬಾಹಿರವೆಂದ ಸುಪ್ರೀಂ ಕೋರ್ಟ್ ತೀರ್ಪು ಬಂದದ್ದು 2024ರ ಅಕ್ಟೋಬರ್‌ನಲ್ಲಿ. ವಿಮುಕ್ತ ಬುಡಕಟ್ಟುಗಳನ್ನು ಅಪರಾಧದೊಡನೆ ಗಂಟುಹಾಕುವ ಮನೋಭಾವವನ್ನೂ ಅದು ಖಂಡಿಸಿತು.

ಸೆಟ್ಲಮೆಂಟ್‌ಗಳಲ್ಲಿ ಶಾಲೆಯಿತ್ತು, ಕಸುಬು ಕಲಿಸಿದರು ಎನ್ನುವವರಿದ್ದಾರೆ. ಇದ್ದಿರಬಹುದು. ಆದರೆ ಬಾಗಿಲಿಗೆ ಪೊಲೀಸರನ್ನಿಟ್ಟು ಕೊಟ್ಟ ವಿದ್ಯೆ ಉಪಕಾರವಾಗದು.

ಆಗಬೇಕಾದದ್ದು ಬಹಳವಿಲ್ಲ. ಅವಮಾನಕರ ಹೆಸರನ್ನು, ಸೌಲಭ್ಯಕ್ಕೆ ಧಕ್ಕೆಯಾಗದಂತೆ, ಆ ಸಮುದಾಯದವರನ್ನೇ ಕೇಳಿ ಬದಲಿಸಲಿ. ಸೆಟ್ಲಮೆಂಟಿನ ದಾಖಲೆಗಳನ್ನು ಕಲೆಹಾಕಿ ಜಿಲ್ಲೆಯ ಚರಿತ್ರೆಯಲ್ಲಿ ಸೇರಿಸಲಿ. ಕಳವಾದಾಗಲೆಲ್ಲ ಊರಂಚಿನ ಗುಡಿಸಲುಗಳತ್ತಲೇ ಮೊದಲು ಹೊರಡುವ ಜೀಪು ದಿಕ್ಕು ಬದಲಿಸಲಿ. ಹುಟ್ಟಿನಿಂದ ಮನುಷ್ಯನನ್ನು ಅಳೆಯಬಾರದೆಂದ ಬಸವಣ್ಣನ ಹೆಸರು ಹೊತ್ತ ನೆಲದಲ್ಲಿ ಇಷ್ಟನ್ನು ಕೇಳುವುದು ಅತಿಯಾಗಲಾರದು.