ಸಾವಾದ ಮೇಲೆ ಹೆಣಿಗೆ ನಿಲ್ಲಿಸಬೇಕೇ?



ನಮಗೆಲ್ಲ ಕಡ್ಡಿ ಹಿಡಿಯುವುದನ್ನು ಕಲಿಸಿದ ದೊಡ್ಡವ್ವ ತೀರಿಕೊಂಡು ಎರಡು ತಿಂಗಳಾಯಿತು. ಅವರ ಹೆಸರು ಇಲ್ಲಿ ಬರೆಯುವುದಿಲ್ಲ. ಮಾಧವರಂನಲ್ಲಿ ನಮ್ಮವರಿಗೆ ದೊಡ್ಡವ್ವ ಎಂದರೆ ಸಾಕು. ಅವರ ಏಳನೇ ದಿನದ ಪೂಜೆ ಮುಗಿದ ಮೇಲೆ ಯುವ ಬಳಗದ ಸಭೆಯಲ್ಲಿ ಒಂದು ಮಾತು ಬಂತು. ವರ್ಷದ ಪೂಜೆ ಆಗುವವರೆಗೆ ಶನಿವಾರದ ಹೆಣಿಗೆ ಕೂಟ ನಿಲ್ಲಿಸೋಣವೇ? ಹೆಚ್ಚಿನವರು ಹೌದು ಎಂದರು. ನಾನು ಬೇಡ ಎಂದೆ. ಆ ದಿನ ಕೋಪದಲ್ಲಿ ಮಾತಾಡಿದೆ, ಸರಿಯಾಗಿ ವಿವರಿಸಲು ಆಗಲಿಲ್ಲ. ಅದಕ್ಕೇ ಇವತ್ತು ಬರೆಯುತ್ತಿದ್ದೇನೆ. ನಾನು ಹೇಳಿದ್ದರಲ್ಲಿ ಒಂದು ವಿಷಯ ತಪ್ಪಾಗಿತ್ತು, ಅದನ್ನೂ ಒಪ್ಪಿಕೊಳ್ಳುತ್ತೇನೆ.

ಹೊಸಬರಿಗೆ ಕೂಟದ ಬಗ್ಗೆ ಎರಡು ಮಾತು. ಶನಿವಾರ ಮಧ್ಯಾಹ್ನ ಚರ್ಚಿನ ವರಾಂಡದಲ್ಲಿ ಹತ್ತು ಹನ್ನೆರಡು ಮಂದಿ ಕೂಡುತ್ತೇವೆ. ಆದೋನಿಯಿಂದ ತಂದ ಉಲ್ಲನ್ ದಾರದಲ್ಲಿ ಹಸುಗೂಸುಗಳಿಗೆ ಟೋಪಿ, ಕಾಲುಚೀಲ ಹೆಣೆಯುತ್ತೇವೆ. 40 ಡಿಗ್ರಿ ಬಿಸಿಲಿನ ಊರಲ್ಲಿ ಉಲ್ಲನ್ ಟೋಪಿ ಯಾರಿಗೆ ಎಂದು ನಗುವವರಿದ್ದಾರೆ. ಹುಟ್ಟಿದ ಮಗುವಿನ ತಲೆ ಅದರ ಮೈಗೆ ಹೋಲಿಸಿದರೆ ದೊಡ್ಡದು, ಶಾಖ ಅಲ್ಲಿಂದ ಬೇಗ ಹೋಗುತ್ತದೆ. ಎರಡೂವರೆ ಕಿಲೋಗಿಂತ ಕಡಿಮೆ ತೂಕದ ಮಗುವಿಗೆ ಮೈಕೊಬ್ಬೂ ಕಡಿಮೆ. ಹಾಗಾಗಿ ನಮ್ಮ ಊರಲ್ಲೂ ಅದರ ಮೈ ತಣ್ಣಗಾಗುವ ಅಪಾಯ ಇದೆ. ತಾಯಿಯ ಎದೆಗೆ ಮಗುವನ್ನು ಕಟ್ಟುವ ಕಾಂಗರೂ ಆರೈಕೆಯಲ್ಲೂ ತಲೆಗೆ ಟೋಪಿ ಹಾಕುತ್ತಾರೆ. ಬಿಎಸ್ಸಿ ಓದಿದ ನಾನು ಇದನ್ನೆಲ್ಲ ವಿವರಿಸುತ್ತಿದ್ದರೆ ದೊಡ್ಡವ್ವ ನಗುತ್ತಿದ್ದರು: "ಕೂಸಿನ ತಲಿ ಮುಚ್ಚಬೇಕು ಅಂತ ಹೇಳಾಕ ಕಾಲೇಜು ಬೇಕೇನವ್ವ?"

ಅವರು ತೀರಿಕೊಂಡ ಮೇಲೆ ಚರ್ಚಿನಲ್ಲೇ ಉಳಿದಿದ್ದ ಅವರ ಕೈಚೀಲ ತೆಗೆದು ನೋಡಿದೆವು. ಹಳದಿ ಬಣ್ಣದ ಒಂದು ಟೋಪಿ ಅರ್ಧಕ್ಕೆ ನಿಂತಿತ್ತು. ಕುಣಿಕೆಗಳೆಲ್ಲ ಇನ್ನೂ ಕಡ್ಡಿಯ ಮೇಲೇ ಇದ್ದವು.

ನಿಲ್ಲಿಸಬೇಕು ಎಂದವರ ಮಾತಿನಲ್ಲಿ ಅರ್ಥವಿಲ್ಲ ಎಂದು ನಾನು ಹೇಳುವುದಿಲ್ಲ. "ಮಣ್ಣು ಆರಿಲ್ಲ, ಆಗಲೇ ಕಡ್ಡಿ ಹಿಡ್ಕೊಂಡು ಕುಂತರೆ ನೋಡಿದವರು ಏನಂದಾರು?" ಎಂದು ಒಬ್ಬ ಅಕ್ಕ ಕೇಳಿದರು. ಇನ್ನೊಬ್ಬರು, "ಆಕಿ ಮಗಳು ಚರ್ಚಿಗೆ ಬಂದಾಗ ನಾವು ನಕ್ಕೊಂತ ಹೆಣೀತಿದ್ರೆ ಆ ಹುಡುಗಿ ಮನಸ್ಸು ಏನಾಗಬೇಕು?" ಎಂದರು. ಇದು ಪ್ರೀತಿಯಿಂದ ಬಂದ ಮಾತು. ಕೆಲಸ ನಿಲ್ಲಿಸುವುದು ಗೌರವ ತೋರಿಸುವ ಒಂದು ರೀತಿ. ಸಾವಾದ ದಿನ ಊರೆಲ್ಲ ಕೆಲಸ ಬಿಟ್ಟು ಬರುವುದು ಎಷ್ಟು ದೊಡ್ಡ ವಿಷಯ ಎಂದು ನನಗೆ ಗೊತ್ತು. 2020ರಲ್ಲಿ ತಾತ ತೀರಿಕೊಂಡಾಗ ಅದು ನಮಗೆ ಸಿಗಲಿಲ್ಲ. ಲಾಕ್‌ಡೌನಿನ ನಿಯಮದಂತೆ ಮಣ್ಣಿಗೆ 20 ಜನಕ್ಕಿಂತ ಹೆಚ್ಚು ಸೇರುವಂತಿರಲಿಲ್ಲ. ಅವ್ವ ಬಾಗಿಲಲ್ಲಿ ನಿಂತು ಬೀದಿ ನೋಡುತ್ತಿದ್ದಳು. ಯಾರೂ ಬರಲಿಲ್ಲ.

ಆದರೆ ನನ್ನ ಪ್ರಶ್ನೆ ಸಾವಿನ ದಿನದ ಬಗ್ಗೆ ಅಲ್ಲ. ಆ ದಿನಕ್ಕೆ ಜನ ಬಂದೇ ಬರುತ್ತಾರೆ. ಮೂರನೇ ದಿನಕ್ಕೂ, ಏಳನೇ ದಿನಕ್ಕೂ ಬರುತ್ತಾರೆ. ಐವತ್ತನೇ ದಿನ ಯಾರು ಬರುತ್ತಾರೆ?

ನಮ್ಮ ಸೀಮೆಯಲ್ಲಿ ಈ ಪ್ರಶ್ನೆ ಬೇರೆ ಕಡೆಗಿಂತ ಕಠಿಣ. ಕೋಸಿಗಿ, ಕೌತಾಳಂ, ಮಂತ್ರಾಲಯ, ಈ ಕಡೆಯ ಹಳ್ಳಿಗಳಿಂದ ಪ್ರತಿವರ್ಷ ಕುಟುಂಬಗಳು ಸುಗ್ಗಿಗೆ ಹೋಗುತ್ತವೆ. ಗುಂಟೂರು ಕಡೆ ಹತ್ತಿ ಬಿಡಿಸಲು, ಆಮೇಲೆ ಮೆಣಸಿನಕಾಯಿ ಕೊಯ್ಯಲು. ಮನೆಗೆ ಬೀಗ, ಮಕ್ಕಳೂ ಜೊತೆಗೆ. ಊರಲ್ಲಿ ಉಳಿಯುವವರು ವಯಸ್ಸಾದವರು, ಮೈ ಹುಷಾರಿಲ್ಲದವರು. ನವೆಂಬರ್ 2ರಂದು, ಮೃತರ ಸ್ಮರಣೆಯ ದಿನ, ನಾವೆಲ್ಲ ಸಮಾಧಿಗಳ ಮೇಲೆ ಮೇಣದಬತ್ತಿ ಹಚ್ಚುತ್ತೇವೆ. ಸ್ವಲ್ಪ ದಿನ ಕಳೆದರೆ ಬೀದಿಯೇ ಖಾಲಿ. ಗಂಡನನ್ನೋ ತಾಯಿಯನ್ನೋ ಕಳೆದುಕೊಂಡವಳ ಪಕ್ಕ ಕೂಡಲು ಜನರೇ ಇರುವುದಿಲ್ಲ. ಇಂಥ ಊರಲ್ಲಿ ವಾರಕ್ಕೊಮ್ಮೆಯಾದರೂ ನಾಲ್ಕು ಜನ ಒಂದೇ ಜಾಗದಲ್ಲಿ ಕೂಡುತ್ತಾರೆ ಎಂಬ ಭರವಸೆ ಇದ್ದರೆ, ಅದನ್ನು ನಾವೇ ಏಕೆ ಮುಚ್ಚಬೇಕು?

ಪ್ರೇಷಿತರ ಕಾರ್ಯಕಲಾಪಗಳ 9ನೇ ಅಧ್ಯಾಯದಲ್ಲಿ ತಬಿಥಳ ಕಥೆ ಇದೆ. ಜೊಪ್ಪ ಊರಿನವಳು, ಬಡವರಿಗೆ ಆಸರೆಯಾಗಿದ್ದವಳು. ಆಕೆ ಸತ್ತಾಗ ಶವವನ್ನು ತೊಳೆದು ಮೇಲಂತಸ್ತಿನ ಕೋಣೆಯಲ್ಲಿ ಮಲಗಿಸಿ, ಹತ್ತಿರದ ಲುದ್ದದಲ್ಲಿದ್ದ ಪೇತ್ರನನ್ನು ಕರೆಸಿದರು. ನಾವು ಈ ಕಥೆ ಹೇಳುವಾಗ ಪೇತ್ರ ಪ್ರಾರ್ಥಿಸಿದ, ಆಕೆ ಎದ್ದಳು ಎಂಬಲ್ಲಿಗೆ ಓಡುತ್ತೇವೆ. ಅದಕ್ಕೂ ಮೊದಲಿನ ದೃಶ್ಯದಲ್ಲಿ ಸ್ವಲ್ಪ ನಿಲ್ಲಿ. ವಿಧವೆಯರು ಅಳುತ್ತಾ ನಿಂತಿದ್ದಾರೆ. ಅಳುತ್ತಲೇ, ತಬಿಥ ತಮ್ಮ ಜೊತೆ ಇದ್ದಾಗ ಮಾಡಿಕೊಟ್ಟ ಅಂಗಿ, ಬಟ್ಟೆಗಳನ್ನು ಪೇತ್ರನಿಗೆ ತೋರಿಸುತ್ತಿದ್ದಾರೆ. ಆಕೆ ಎಂಥವಳು ಎಂದು ಹೇಳಲು ಅವರಿಗೆ ಸಿಕ್ಕ ಭಾಷೆ ಆಕೆಯ ಕೈಕೆಲಸ.

ನಮ್ಮ ದೊಡ್ಡವ್ವ ಎದ್ದು ಕೂರಲಿಲ್ಲ. ನಾವೂ ಪ್ರಾರ್ಥಿಸಿದ್ದೆವು. ಇದನ್ನು ಮುಚ್ಚಿಡುವುದು ಬೇಡ, ಏಕೆಂದರೆ ಬಳಗದ ಚಿಕ್ಕವರು ನನ್ನನ್ನು ಕೇಳಿದ್ದಾರೆ: ತಬಿಥಳಿಗೆ ಆಗಿದ್ದು ಇವರಿಗೆ ಏಕೆ ಆಗಲಿಲ್ಲ? ನನ್ನ ಬಳಿ ಉತ್ತರ ಇಲ್ಲ. ತಬಿಥ ಕೂಡ ಮುಂದೆ ಒಂದು ದಿನ ಸತ್ತಿರಬೇಕು. ಪುನರುತ್ಥಾನವನ್ನು ನಂಬುತ್ತೇನೆ. ಅಲ್ಲಿಯವರೆಗೆ ನಮ್ಮ ಪಾಲಿಗೆ ಉಳಿದಿರುವುದು ಆ ವಿಧವೆಯರ ಜಾಗ. ಅಳುವುದು, ಬಟ್ಟೆಯನ್ನು ಕೈಯಲ್ಲಿ ಹಿಡಿದಿರುವುದು, ಎರಡೂ ಒಟ್ಟಿಗೆ.

ಇದು ನಮಗೆ ಹೊಸದೇನಲ್ಲ. 2009ರ ಅಕ್ಟೋಬರ್ ಮೊದಲ ವಾರ ತುಂಗಭದ್ರೆ ಉಕ್ಕಿ ಮಂತ್ರಾಲಯ ಮುಳುಗಿದಾಗ ನಾನು ಚಿಕ್ಕವಳು. ನೀರು ಇಳಿದ ಮೇಲೆ ಮನೆಯಲ್ಲಿ ಮೊಣಕಾಲುದ್ದ ಕೆಸರು. ಅಜ್ಜಿ ಕೆಸರಾದ ಹಳೆ ಸೀರೆಗಳನ್ನು ತೊಳೆದು ಒಣಗಿಸಿ, ಪಕ್ಕದ ಮನೆಯ ಹೆಂಗಸರ ಜೊತೆ ಕೂತು ಕೌದಿ ಹೊಲಿದರು. ತೆಲುಗಿನವರು ಬೊಂತ ಎನ್ನುವುದನ್ನೇ ನಾವು ಕೌದಿ ಎನ್ನುತ್ತೇವಲ್ಲ, ಅದು. ನಾಲ್ಕು ಜನ ನಾಲ್ಕು ಮೂಲೆ ಹಿಡಿದು, ಸಾಲು ಸಾಲು ಹೊಲಿಗೆ ಹಾಕುತ್ತಾ ಯಾರ ಮನೆ ಬಿತ್ತು, ಯಾರ ಎಮ್ಮೆ ಹೋಯಿತು ಎಂದು ಹೇಳಿಕೊಂಡು ಅಳುತ್ತಿದ್ದರು. ಸೂಜಿ ನಿಲ್ಲುತ್ತಿರಲಿಲ್ಲ. ಪೂಜೆಯನ್ನು ತೆಲುಗಿನಲ್ಲಿ ಕೇಳುವ ನಾವು ಅಳುವುದು ಮಾತ್ರ ಕನ್ನಡದಲ್ಲೇ ಎಂದು ನನಗೆ ಮೊದಲು ಗೊತ್ತಾಗಿದ್ದು ಆಗ. ಆ ಕೌದಿ ಇವತ್ತಿಗೂ ನನ್ನ ಮಂಚದ ಮೇಲಿದೆ.

ಓದಿದವರ ಮಾತೂ ಸ್ವಲ್ಪ ಕೇಳಿ. ನೆದರ್ಲೆಂಡ್ಸಿನ ಮಾರ್ಗರೆಟ್ ಸ್ಟ್ರೋಬ್ ಮತ್ತು ಹೆಂಕ್ ಶೂಟ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು 1999ರಲ್ಲಿ ಒಂದು ವಿಚಾರ ಮುಂದಿಟ್ಟರು. ದುಃಖದಲ್ಲಿರುವವರು ಎರಡು ದಡಗಳ ನಡುವೆ ಹೋಗಿಬಂದು ಮಾಡುತ್ತಾರೆ. ಒಮ್ಮೆ ಕಳೆದುಕೊಂಡವರ ನೆನಪು, ಅಳು. ಇನ್ನೊಮ್ಮೆ ಅಡುಗೆ, ಕೂಲಿ, ಮಕ್ಕಳ ಫೀಸು, ಮುಂದಿನ ಬದುಕು. ಹೀಗೆ ಹೋಗಿಬರುವುದೇ ಆರೋಗ್ಯ, ಒಂದೇ ದಡದಲ್ಲಿ ನಿಂತುಬಿಡುವುದು ಕಷ್ಟ. ಹೆಣಿಗೆ ಗೊತ್ತಿದ್ದವರಿಗೆ ಇದು ಬೇಗ ಅರ್ಥವಾಗುತ್ತದೆ. ಒಂದು ಸಾಲು ಸೀದಾ, ಒಂದು ಸಾಲು ಉಲ್ಟಾ. ಎರಡೂ ಸೇರಿದರೇ ಬಟ್ಟೆ.

ಹೆಣಿಗೆಯ ಮೇಲೇ ನಡೆದ ಒಂದು ಸಮೀಕ್ಷೆಯೂ ಇದೆ. 2013ರಲ್ಲಿ ಬ್ರಿಟನ್ನಿನ ಒಂದು ಪತ್ರಿಕೆಯಲ್ಲಿ ಪ್ರಕಟವಾಯಿತು. 3,545 ಹೆಣೆಯುವವರನ್ನು ಕೇಳಿದ್ದರು. ಹೆಚ್ಚು ಸಲ ಹೆಣೆಯುವವರು ಮನಸ್ಸು ಹೆಚ್ಚು ಶಾಂತವಾಗಿದೆ ಎಂದಿದ್ದರು. ಆದರೆ ಇದನ್ನು ಔಷಧಿ ಎಂದು ತಿಳಿಯಬೇಡಿ. ಹೆಣಿಗೆ ಇಷ್ಟಪಡುವವರನ್ನೇ ಹೆಣಿಗೆ ಹೇಗಿದೆ ಎಂದು ಕೇಳಿದರೆ ಚೆನ್ನಾಗಿದೆ ಎಂದೇ ಹೇಳುತ್ತಾರೆ.

ನನಗೆ ಹೆಣಿಗೆ ಮುಖ್ಯ ಅನ್ನಿಸುವುದು ಬೇರೆ ಕಾರಣಕ್ಕೆ. ಕೈಯಲ್ಲಿ ಕೆಲಸ ಇದ್ದರೆ ಸುಮ್ಮನೆ ಕೂರಲು ಆಗುತ್ತದೆ. ಯೋಬನ ಮೂವರು ಗೆಳೆಯರು ಏಳು ಹಗಲು ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಮಾತಿಲ್ಲದೆ ಕೂತಿದ್ದರು. ಅಲ್ಲಿಯವರೆಗೆ ಅವರು ಒಳ್ಳೆಯ ಗೆಳೆಯರೇ. ಬಾಯಿ ತೆರೆದ ಮೇಲೆ ಕೆಟ್ಟಿತು. ನಾವೂ ಹಾಗೇ. ಏನು ಹೇಳಬೇಕೆಂದು ತಿಳಿಯದೆ "ದೇವರ ಚಿತ್ತ", "ಒಳ್ಳೆಯವರನ್ನೇ ದೇವರು ಬೇಗ ಕರೀತಾನೆ" ಎಂದುಬಿಡುತ್ತೇವೆ. ತಾತ ಹೋದಾಗ ನನಗೆ ಈ ಮಾತುಗಳನ್ನು ಫೋನಿನಲ್ಲಿ ಎಷ್ಟು ಜನ ಹೇಳಿದರೋ. ಒಂದೂ ಒಳಗೆ ಇಳಿಯಲಿಲ್ಲ. ಕಣ್ಣು ಕಡ್ಡಿಯ ಮೇಲಿದ್ದಾಗ ಪಕ್ಕದವಳು ಅಳಬಹುದು, ಯಾರೂ ನೋಡುತ್ತಿಲ್ಲ. ಮಾತಾಡಬಹುದು, ಯಾರೂ ಬಲವಂತ ಮಾಡುತ್ತಿಲ್ಲ. ಸುಮ್ಮನಿರಬಹುದು, ಅದೂ ಸರಿ.

ಈಗ ನನ್ನ ತಪ್ಪು.

ಸಭೆಯಲ್ಲಿ ವಾದ ಮಾಡಿ ಗೆದ್ದ ಹುಮ್ಮಸ್ಸಿನಲ್ಲಿ ನಾನು ದೊಡ್ಡವ್ವನ ಮನೆಗೆ ಹೋದೆ. ಅವರ ಮಗಳ ಮುಂದೆ ಚೀಲ ಇಟ್ಟು, "ಅಕ್ಕ, ದೊಡ್ಡವ್ವನ ಟೋಪಿ ನಾವು ಮುಗಿಸುತ್ತೇವೆ" ಎಂದೆ. ಅಕ್ಕ ಆ ಹಳದಿ ಟೋಪಿಯನ್ನು ಕೈಗೆ ತೆಗೆದುಕೊಂಡು ಬಹಳ ಹೊತ್ತು ನೋಡಿದಳು. ಆಮೇಲೆ ಹೇಳಿದಳು: "ಬ್ಯಾಡವ್ವ. ಅವ್ವನ ಕೈ ಬಿಗಿ ಬ್ಯಾರೆ."

ಹೆಣೆಯುವವರಿಗೆ ಇದು ಗೊತ್ತು. ದಾರ ಎಳೆಯುವ ಬಿಗಿ ಒಬ್ಬೊಬ್ಬರದು ಒಂದೊಂದು. ಒಬ್ಬರು ಬಿಟ್ಟಲ್ಲಿಂದ ಇನ್ನೊಬ್ಬರು ಹೆಣೆದರೆ ಕೈ ಬದಲಾದ ಸಾಲು ಎದ್ದು ಕಾಣುತ್ತದೆ. ನನಗೆ ನಾಚಿಕೆಯಾಯಿತು. ನಾನು ದೊಡ್ಡವ್ವನ ಕೆಲಸ ಮುಂದುವರಿಸಲು ಹೋಗಿರಲಿಲ್ಲ, ಅಕ್ಕನ ದುಃಖವನ್ನು ಬೇಗ ಮುಗಿಸಲು ಹೋಗಿದ್ದೆ. ತಾತ ಹೋದಾಗಲೂ ಹೀಗೇ ಮಾಡಿದ್ದೆ. ಅಳದೆ ಪುಸ್ತಕದಲ್ಲಿ ತಲೆ ಹುದುಗಿಸಿ ಸೆಮಿಸ್ಟರ್ ಮುಗಿಸಿದೆ. ಒಳ್ಳೆಯ ಅಂಕ ಬಂತು. ಅಳು ಒಂದು ವರ್ಷದ ಮೇಲೆ, ಬಸ್ಸಿನಲ್ಲಿ ಬಂತು. ಕೆಲಸ ದುಃಖಕ್ಕೆ ಜೊತೆಯಾಗಬಹುದು, ದುಃಖದಿಂದ ಓಡಿಹೋಗುವ ದಾರಿಯೂ ಆಗಬಹುದು. ಎರಡಕ್ಕೂ ಕಡ್ಡಿ ಒಂದೇ.

ಆದ್ದರಿಂದ ಬಳಗದ ಮುಂದೆ ನನ್ನ ಸಲಹೆ ಇಷ್ಟು.

ಯಾರ ಮನೆಯಲ್ಲಿ ಸಾವಾದರೂ ಏಳನೇ ದಿನದ ಪೂಜೆಯವರೆಗೆ ಕಡ್ಡಿ ಬೇಡ. ಆ ವಾರ ನಮ್ಮ ಕೈಗೆ ನೀರು ಹೊರುವುದು, ಕುರ್ಚಿ ಹಾಕುವುದು, ಅಡುಗೆ ಮಾಡುವುದು, ಇಷ್ಟೇ ಕೆಲಸ.

ಅದರ ಮುಂದಿನ ಶನಿವಾರ ಕೂಟ ನಡೆಯಲಿ. ಮೊದಲು ತೀರಿಹೋದವರ ಹೆಸರು ಹೇಳಿ ಒಂದು ಜಪ, ಆಮೇಲೆ ಕೆಲಸ.

ನಲವತ್ತನೇ ದಿನ ಕಳೆದ ಮೇಲೆ ಇಬ್ಬಿಬ್ಬರಾಗಿ ಆ ಮನೆಗೆ ಹೋಗಿ ಅರ್ಧ ಗಂಟೆ ಕೂರೋಣ. ಸುಗ್ಗಿಯ ತಿಂಗಳುಗಳಲ್ಲಿ ಇದನ್ನು ತಪ್ಪಿಸಬಾರದು. ಹುಡುಗರೂ ಬರಬೇಕು. ಹೆಣೆಯಲು ಬರದಿದ್ದರೆ ದಾರ ಸುತ್ತಿ.

ತೀರಿಹೋದವರ ಅರ್ಧ ಕೆಲಸ ಅವರ ಮನೆಯವರದು. ಮುಗಿಸುವುದೋ, ಬಿಚ್ಚುವುದೋ, ಹಾಗೇ ಇಡುವುದೋ, ಅವರೇ ಹೇಳಲಿ. ನಾವು ಕೇಳುವುದೂ ಬೇಡ.

ಇನ್ನೊಂದು ಮಾತು. ವಾರಗಟ್ಟಲೆ ಊಟ ನಿದ್ದೆ ಬಿಟ್ಟವರು, ಬದುಕುವುದು ಬೇಡ ಎನ್ನುವವರು ಕಂಡರೆ, ಪ್ರಾರ್ಥನೆ ಹೆಣಿಗೆ ಸಾಕು ಎಂದು ಕೂರಬೇಡಿ. ಡಾಕ್ಟರ ಬಳಿ ಕರೆದುಕೊಂಡು ಹೋಗಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಉಚಿತ, ಹಗಲೂ ರಾತ್ರಿಯೂ ಸಿಗುತ್ತದೆ. ಕನ್ನಡದಲ್ಲೂ ತೆಲುಗಿನಲ್ಲೂ ಮಾತಾಡಬಹುದು.

ಕಳೆದ ಶನಿವಾರ ಅಕ್ಕ ವರಾಂಡಕ್ಕೆ ಬಂದಳು. ಯಾರೂ ಕರೆದಿರಲಿಲ್ಲ. ಕಡ್ಡಿ ಮುಟ್ಟಲಿಲ್ಲ. ಹೊಸ ದಾರದ ಲಡಿಯನ್ನು ನನ್ನ ಎರಡು ಕೈಗೆ ಹಾಕಿ, ಎದುರು ಕೂತು ಉಂಡೆ ಸುತ್ತಿದಳು. ಮೂರು ಉಂಡೆ ಆಯಿತು. ಅಷ್ಟು ಹೊತ್ತೂ ನಾವಿಬ್ಬರೂ ಒಂದು ಮಾತೂ ಆಡಲಿಲ್ಲ. ಹೋಗುವಾಗ, "ಮುಂದಿನ ವಾರ ಎಷ್ಟು ಹೊತ್ತಿಗೆ?" ಎಂದು ಕೇಳಿದಳು.

ಎಂದಿನಂತೆ ಮಧ್ಯಾಹ್ನ ಮೂರಕ್ಕೆ. ನೀವೂ ಬನ್ನಿ. ತೀರಿಹೋದ ನಮ್ಮೆಲ್ಲರಿಗೂ ಪ್ರಭು ನಿತ್ಯ ವಿಶ್ರಾಂತಿ ನೀಡಲಿ, ಉಳಿದವರ ಪಕ್ಕ ಕೂರುವ ತಾಳ್ಮೆಯನ್ನು ನಮಗೆ ಕೊಡಲಿ.